ಹಸಿ ಮಣ್ಣಿನ ಮುದ್ರೆ

ಮಣ್ಣು ಹಸಿಯಾಗಿತ್ತು. ಹಗೇವಿನ ಬಾಯಿಗೆ ಮುಚ್ಚಿದ ಚಪ್ಪಡಿಯ ಸುತ್ತ ಮೆತ್ತಿದ್ದ ಮಣ್ಣು ಬಿಸಿಲು ಬಿದ್ದ ಕಡೆ ಬೂದು ಬಣ್ಣಕ್ಕೆ ಒಣಗಿತ್ತು. ಹುಣಿಸೆ ಮರದ ನೆರಳು ಬಿದ್ದ ಕಡೆ ಇನ್ನೂ ಕಪ್ಪಗಿತ್ತು. ನಾನು ಅಲ್ಲಿ ಬೆರಳಿಟ್ಟು ನೋಡಿದೆ. ಮಣ್ಣು ಅಂಟಿತು. ವೇಲಿನ ತುದಿಗೆ ಒರೆಸಿಕೊಂಡೆ.

ಉಳಿದದ್ದನ್ನು ನಡೆದ ಕ್ರಮದಲ್ಲೇ ಬರೆಯುತ್ತೇನೆ. ಇದೊಂದನ್ನು ಮಾತ್ರ ಮೊದಲೇ ಬರೆದಿಡಬೇಕು ಎನ್ನಿಸಿತು.

ನಾನು ಮಕ್ಕಳ ಆಹಾರ ತಯಾರಿಸುವ ಒಂದು ಸಂಸ್ಥೆಯ ಖರೀದಿ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ನಮ್ಮ ಮುಖ್ಯ ಸರಕು ರಾಗಿ. ಬಹಳ ಕಾಲ ನಮ್ಮ ಕೆಲಸವೆಂದರೆ ಮಂಡಿಯ ವರ್ತಕರಿಂದ ದರ ತರಿಸುವುದು, ಕಡಿಮೆ ಹೇಳಿದವರಿಗೆ ಆರ್ಡರ್ ಕಳಿಸುವುದು, ಲಾರಿ ಬಂದಾಗ ತೇವಾಂಶ ನೋಡಿ ಇಳಿಸಿಕೊಳ್ಳುವುದು. ಆ ರಾಗಿ ಯಾವ ಊರಿನದು, ಯಾರ ಮನೆಯಲ್ಲಿತ್ತು ಎಂದು ನಾವು ಕೇಳುತ್ತಿರಲಿಲ್ಲ. ಕೇಳಿದ್ದರೂ ವರ್ತಕರಿಗೆ ಗೊತ್ತಿರುತ್ತಿರಲಿಲ್ಲ. ಹೀಗಿರುವಾಗ ಒಂದು ವರ್ಷ, ಗೋದಾಮುಗಳಲ್ಲಿ ಹುಳ ಕೊಲ್ಲಲು ಇಡುವ ಮಾತ್ರೆಯ ಅಂಶ ಒಂದಾದ ಮೇಲೊಂದು ಲೋಡಿನಲ್ಲಿ ಸಿಕ್ಕಿತು. ಕೂಸುಗಳು ತಿನ್ನುವ ಹಿಟ್ಟು ಅದು. ಲಾರಿಗಳು ಹಿಂದಕ್ಕೆ ಹೋದವು, ಗಿರಣಿ ನಿಂತಿತು. ನಮ್ಮ ವಿಭಾಗದ ಮುಖ್ಯಸ್ಥರು ಎಲ್ಲರನ್ನೂ ಕೂರಿಸಿಕೊಂಡು ಹೇಳಿದರು: "ಖರೀದಿ ಅಂದ್ರೆ ದರ ಇಳಿಸೋ ಕೆಲಸ ಅಂತ ತಿಳ್ಕೊಂಡಿದ್ರೆ ಮರೆತುಬಿಡಿ. ಇನ್ಮುಂದೆ ಬೆಳೆಯೋರ ಜೊತೆ ಕೂತು ಕೆಲಸ ಮಾಡ್ಬೇಕು. ಅವರ ಕಣ ಎಲ್ಲಿದೆ, ಕಣಜ ಎಲ್ಲಿದೆ, ನಿಮಗೆ ಗೊತ್ತಿರ್ಬೇಕು."

ಕಡೂರು, ತರೀಕೆರೆ, ಅಜ್ಜಂಪುರದ ಭಾಗವನ್ನು ನನಗೆ ಕೊಟ್ಟರು. ನಾನು ತರೀಕೆರೆ ಪೇಟೆಯಲ್ಲಿ ಹುಟ್ಟಿದವಳು. ಆ ಕಡೆಯ ಮಾತು ತಿಳಿಯುತ್ತದೆ ಎಂಬುದು ಅವರ ಲೆಕ್ಕ. ನನ್ನ ಲೆಕ್ಕವೂ ಅದೇ ಆಗಿತ್ತು.

ಮೊದಲ ತಿಂಗಳುಗಳು ಓಡಾಟದಲ್ಲೇ ಹೋದವು. ಅಜ್ಜಂಪುರದ ಕಡೆ ಹೋದರೆ, "ಈರುಳ್ಳಿ ತಗೊಳ್ಳಿ ಮೇಡಂ, ರಾಗಿ ಹಿಡ್ಕೊಂಡು ಏನ್ ಮಾಡ್ತೀರ? ನಿಮ್ಮ ಕೂಸುಗಳಿಗೆ ಈರುಳ್ಳಿ ತಿನ್ನೋದು ಕಲಿಸಿ" ಎಂದು ನಗುತ್ತಿದ್ದರು. ಕೊನೆಗೆ ನನಗೆ ಬೇಕಾದದ್ದು ಸಿಕ್ಕಿದ್ದು ಯಗಟಿಯಿಂದ ಮುಂದಿನ ಒಂದು ಊರಿನಲ್ಲಿ. ಅಲ್ಲಿ ರಾಗಿ ಬೆಳೆಗಾರರ ಒಂದು ಸಣ್ಣ ಸಂಘವಿತ್ತು. ಅದರ ಕಾರ್ಯದರ್ಶಿ ಸೊಸೈಟಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಯಾವ ಕಾಗದ ಕೊಟ್ಟರೂ ಕನ್ನಡಕ ಹಾಕಿಕೊಂಡು ಕೊನೆಯ ಸಾಲಿನವರೆಗೂ ಓದುತ್ತಿದ್ದರು. ಅವರು ಒಂದು ದಿನ ಟವೆಲಿನ ತುದಿಯಲ್ಲಿ ಕಟ್ಟಿದ್ದ ಒಂದು ಹಿಡಿ ರಾಗಿ ಬಿಚ್ಚಿ ನನ್ನ ಅಂಗೈಗೆ ಸುರಿದರು.

"ಯಾವ ವರ್ಷದ್ದು ಹೇಳಿ ನೋಡಾಣ."

ಹೊಳೆಯುವ, ಒಂದೇ ಸಮನಾದ, ದೂಳಿಲ್ಲದ ಕಾಳು. "ಹೋದ ಸುಗ್ಗಿದು" ಎಂದೆ.

"ನನ್ನ ಮಗಳ ಮದುವೆ ಆದ ವರ್ಷದ್ದು. ಅವಳ ಮಗ ಈಗ ಸ್ಕೂಲಿಗೆ ಹೋಗ್ತಾನೆ. ಹಗೇವಿನ ರಾಗಿ ಕಣ್ರೀ ಇದು."

ಹಗೇವು ಎಂಬ ಮಾತನ್ನು ಕೇಳಿದ್ದೆ, ನೋಡಿರಲಿಲ್ಲ. ಗಟ್ಟಿ ನೆಲದಲ್ಲಿ ತೋಡಿದ ಗುಂಡಿ ಅದು. ಬಾಯಿ ಒಬ್ಬ ಮನುಷ್ಯ ಭುಜ ಓರೆ ಮಾಡಿ ಇಳಿಯುವಷ್ಟು, ಒಳಗೆ ಹೊಟ್ಟೆ ಒಂದು ಕೋಣೆಯಷ್ಟು. ಸುತ್ತ ಹುಲ್ಲು ಹಾಸಿ ರಾಗಿ ತುಂಬಿ, ಮೇಲೆ ಮತ್ತೆ ಹುಲ್ಲು ಹಾಕಿ, ಚಪ್ಪಡಿ ಮುಚ್ಚಿ ಮಣ್ಣು ಮೆತ್ತುತ್ತಾರೆ. ಈಗ ಆ ಕಡೆ ಬಹಳಷ್ಟು ಹಗೇವುಗಳನ್ನು ಮುಚ್ಚಿ ಮೇಲೆ ಮನೆ ಕಟ್ಟಿಕೊಂಡಿದ್ದಾರೆ. ಆ ಊರಿನಲ್ಲಿ ಮೂರು ಉಳಿದಿದ್ದವು. ದೊಡ್ಡದು ಕಣದ ಪಕ್ಕದಲ್ಲಿ, ಇಬ್ಬರು ಅಣ್ಣತಮ್ಮಂದಿರ ಮನೆಯ ಹಿಂದೆ ಇತ್ತು. ಅಣ್ಣ ಮಾತು ಕಡಿಮೆ, ಮೈ ಭಾರಿ. ತಮ್ಮ ಸಣಕಲು, ಬಾಯಿ ಸುಮ್ಮನಿರದವನು. ಅವರ ತಾಯಿ ಮನೆಯ ಜಗುಲಿಯಲ್ಲಿ ಕೂತು ಇಬ್ಬರನ್ನೂ ಬೈಯುತ್ತಿದ್ದರು. ನಾನು ಅವರನ್ನು ಅಜ್ಜಿ ಎನ್ನುತ್ತಿದ್ದೆ.

ನಾನು ಹೋಗಿ ಆ ಹಗೇವನ್ನು ಹೊರಗಿನಿಂದ ನೋಡಿದೆ. ಫೋಟೋ ತೆಗೆದೆ. ಕಚೇರಿಗೆ ಕಳಿಸಿದ ವರದಿಯಲ್ಲಿ ಹೀಗೆ ಬರೆದೆ: "ಇದರೊಳಗೆ ಹುಳ ಬದುಕುವುದಿಲ್ಲ. ಮಾತ್ರೆ ಬೇಕಿಲ್ಲ." ಸಭೆಯಲ್ಲಿ ಆ ಸಾಲನ್ನು ಪರದೆಯ ಮೇಲೆ ದೊಡ್ಡದಾಗಿ ತೋರಿಸಿದರು. ಎಲ್ಲರೂ ಮೆಚ್ಚಿಕೊಂಡರು. ಹುಳ ಏಕೆ ಬದುಕುವುದಿಲ್ಲ ಎಂದು ಯಾರೂ ಕೇಳಲಿಲ್ಲ. ನಾನೂ ನನ್ನನ್ನು ಕೇಳಿಕೊಳ್ಳಲಿಲ್ಲ.

ಪೂರೈಕೆದಾರರಾಗಿ ಸೇರಿಸಿಕೊಳ್ಳಲು ಒಂದು ಒಪ್ಪಂದ ಬೇಕಿತ್ತು. ಅದನ್ನು ನಾನೇ ಬರೆದೆ. ನಮ್ಮಲ್ಲಿ ಗೋದಾಮಿನ ಸರಕಿಗೆ ಇದ್ದ ನಿಯಮಗಳನ್ನು ತೆಗೆದುಕೊಂಡು, ಗೋದಾಮು ಎಂದಿದ್ದ ಕಡೆಯೆಲ್ಲ ಹಗೇವು ಎಂದು ಹಾಕಿದೆ. ಸಂಗ್ರಹದ ಮುದ್ರೆಯನ್ನು, ಅಂದರೆ ಇಲ್ಲಿ ಬಾಯಿಗೆ ಮೆತ್ತಿದ ಮಣ್ಣನ್ನು, ಸಂಸ್ಥೆಯ ಪ್ರತಿನಿಧಿ ಮತ್ತು ಆಡಿಟರ್ ಎದುರಿನಲ್ಲೇ ಒಡೆಯಬೇಕು. ಮಾದರಿಯನ್ನು ಅದೇ ದಿನ, ಮೇಲು, ನಡು, ತಳ ಮೂರೂ ಮಟ್ಟದಿಂದ ತೆಗೆಯಬೇಕು. ಸೀಮೆಎಣ್ಣೆ, ಕೀಟನಾಶಕ ಮುಂತಾದವು ಹತ್ತಿರದಲ್ಲಿ ಇರಕೂಡದು. ಇದನ್ನು ನಾನೇ ಕನ್ನಡಕ್ಕೆ ತಂದು, ಸಂಘದ ಕೋಣೆಯಲ್ಲಿ ಎಲ್ಲರಿಗೂ ಓದಿ ಹೇಳಿದೆ. ಕಾರ್ಯದರ್ಶಿ ತಲೆದೂಗುತ್ತಿದ್ದರು. ಅಣ್ಣ ಗೋಡೆಗೆ ಒರಗಿ ಕೂತಿದ್ದವರು ಒಮ್ಮೆ ಮಾತ್ರ ಕೇಳಿದರು.

"ಬಾಯಿ ನಿಮ್ಮೆದುರ್ಗೇ ತೆಗೀಬೇಕಾ ಮೇಡಂ?"

"ಹೌದು. ಮುಂಚೆ ತೆಗೆದ್ರೆ ಆಡಿಟರ್ ಒಪ್ಪಲ್ಲ."

"ಅವತ್ತೇ ಇಳೀಬೇಕಾ?"

"ಅವರು ಇರೋದು ಒಂದೇ ದಿನ."

ಅವರು ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡರು. ಆಮೇಲೆ "ನೋಡಾಣ ಬಿಡಿ" ಎಂದರು.

ತರೀಕೆರೆಯಲ್ಲಿ ಬೆಳೆದ ನನಗೆ ಇದು ಗೊತ್ತಿರಬೇಕಿತ್ತು. ನಮ್ಮ ಕಡೆ ಮನೆ ಬಾಗಿಲಿಗೆ ಬಂದು ಕೇಳಿದವರಿಗೆ 'ಆಗಲ್ಲ' ಎಂದು ಮುಖದ ಮೇಲೆ ಹೇಳುವುದಿಲ್ಲ. 'ನೋಡಾಣ' ಎನ್ನುತ್ತಾರೆ. ನಮ್ಮ ತಂದೆ ಹೆಣ್ಣು ಕೇಳಲು ಬಂದ ಎಷ್ಟೋ ಮನೆಯವರನ್ನು 'ನೋಡಾಣ' ಎಂದೇ ಕಳಿಸಿದ್ದರು. ಆದರೆ ಆ ದಿನ ನಾನು ಆ ಮಾತನ್ನು ಒಪ್ಪಿಗೆ ಎಂದು ತೆಗೆದುಕೊಂಡೆ. ಕಾರ್ಯದರ್ಶಿ ಸಹಿ ಹಾಕಿದರು.

ಆಡಿಟರ್ ಬೆಂಗಳೂರಿನಿಂದ ರೈಲಿನಲ್ಲಿ ಕಡೂರಿಗೆ ಬಂದರು. ಹೊರಗಿನ ಒಂದು ಪರೀಕ್ಷಾ ಸಂಸ್ಥೆಯವರು. ವಯಸ್ಸು ಮೂವತ್ತು ದಾಟಿರಲಾರದು. ಕೈಚೀಲದಲ್ಲಿ ಕೈಗವಸು, ಮಾದರಿಯ ಚೀಲಗಳು, ಲೇಬಲ್ಲುಗಳು ಎಲ್ಲ ಅಚ್ಚುಕಟ್ಟಾಗಿದ್ದವು. ನಾವು ಸಂಸ್ಥೆಯ ಜೀಪಿನಲ್ಲಿ ಊರು ತಲುಪಿದಾಗ ಹನ್ನೊಂದು ಗಂಟೆ. ಜಗುಲಿಯಲ್ಲಿ ಕುರ್ಚಿ ಹಾಕಿ ಉಪ್ಪಿಟ್ಟು, ಎಳನೀರು ಕೊಟ್ಟರು. ಆಡಿಟರ್ ವಾಪಸು ಹೋಗುವ ರೈಲು ಸಂಜೆ ಇತ್ತು. ನಾನು ಎರಡು ಸಲ ಗಡಿಯಾರ ನೋಡಿಕೊಂಡೆ.

ಹಗೇವಿನ ಹತ್ತಿರ ಹೋದಾಗ ಮೊದಲು ಹೇಳಿದ ಆ ಹಸಿ ಮಣ್ಣು ಕಂಡೆ. ಆಡಿಟರಿಗೂ ಕಂಡಿತು. "ಇದು ಹೊಸದಾಗಿ ಮೆತ್ತಿದ ಹಾಗಿದೆಯಲ್ಲ ಮೇಡಂ?" ಎಂದು ಕೇಳಿದರು.

ಅಣ್ಣತಮ್ಮಂದಿರು ಪಕ್ಕದಲ್ಲೇ ನಿಂತಿದ್ದರು. ಅವರನ್ನು ಕೇಳಬಹುದಿತ್ತು. ಕೇಳಿದರೆ ಬೇಡದ ಉತ್ತರ ಬಂದೀತೆಂಬ ಹೆದರಿಕೆ ನನಗಿತ್ತು. ಮುದ್ರೆ ಸರಿಯಿಲ್ಲ ಎಂದು ಬರೆದರೆ ಆರು ತಿಂಗಳ ಓಡಾಟ ಅಲ್ಲಿಗೆ ಮುಗಿಯುತ್ತಿತ್ತು. "ದೊಡ್ಡವರು ಬರ್ತಾರೆ ಅಂತ ಸಾರಿಸಿದಾರೆ ಅಷ್ಟೇ. ನಮ್ಮ ಕಡೆ ಹಾಗೇ" ಎಂದು ನಾನೇ ಹೇಳಿದೆ. ಅವರು ಫೋಟೋ ತೆಗೆದುಕೊಂಡು ಸರಿ ಎಂದರು.

ಹಾರೆ ಹಾಕಿ ಚಪ್ಪಡಿ ಸರಿಸಿದರು. ಒಳಗಿನಿಂದ ಬೆಚ್ಚನೆಯ, ಹುಳಿಹುಳಿಯಾದ ವಾಸನೆ ಬಂತು. ಅಷ್ಟರಲ್ಲಿ ಅಜ್ಜಿ ಹತ್ತಿದ್ದ ಲಾಟೀನು ಹಿಡಿದು ಬಂದರು. ಹಗಲಲ್ಲಿ ಲಾಟೀನು ಕಂಡು ಆಡಿಟರ್ ನನ್ನ ಮುಖ ನೋಡಿದರು. "ಕೆರೋಸಿನ್ ಅಲ್ವಾ?"

"ಅಜ್ಜಿ, ಅದು ಬೇಡ. ರಾಗಿಗೆ ವಾಸನೆ ಹಿಡಿಯುತ್ತೆ" ಎಂದೆ.

"ದೀಪ ಇಳಿಸ್ದೆ ಮನುಷ್ಯನ್ನ ಇಳಿಸ್ತಾರೇನೇ ಮಗಾ?"

"ಟಾರ್ಚ್ ಇದೆ ಅಜ್ಜಿ" ಎಂದು ನಾನು ನನ್ನ ಚೀಲದಿಂದ ಟಾರ್ಚು ತೆಗೆದು ಕೊಟ್ಟೆ. ದೀಪವನ್ನು ಬೆಳಕಿಗಾಗಿ ಇಳಿಸುತ್ತಾರೆ ಎಂದು ನಾನು ತಿಳಿದಿದ್ದೆ. ಗಾಳಿ ಕೆಟ್ಟಿದ್ದರೆ ದೀಪ ಆರುತ್ತದೆ, ಆಗ ಇಳಿಯುವುದಿಲ್ಲ. ಟಾರ್ಚು ಯಾವ ಗಾಳಿಯಲ್ಲೂ ಆರುವುದಿಲ್ಲ.

ಅಣ್ಣ ತಮ್ಮನ ಕಡೆ ಒಮ್ಮೆ ನೋಡಿದರು. ತಮ್ಮ ಕಣ್ಣಲ್ಲೇ ಏನೋ ಹೇಳಿದ. "ಇರ್ಲಿ ಬಿಡವ್ವಾ, ಏನಾಗಲ್ಲ" ಎಂದರು ಅಣ್ಣ. ಅಜ್ಜಿ ಗೊಣಗುತ್ತ ಲಾಟೀನನ್ನು ದೂರ ಒಯ್ದು ಕಣದ ಕಲ್ಲಿನ ಮೇಲಿಟ್ಟರು.

ಅಣ್ಣ ಎದೆಗೆ ಹಗ್ಗ ಕಟ್ಟಿಕೊಂಡು ಇಳಿದರು. "ಬೆಳಿಗ್ಗೆ ಉಪ್ಪಿಟ್ಟು ಕಮ್ಮಿ ತಿನ್ನು ಅಂದೆ, ಕೇಳಿದ್ಯಾ? ಹೊಟ್ಟೆ ಬಾಯಲ್ಲಿ ಸಿಕ್ಕಂತು ನೋಡು" ಎಂದ ತಮ್ಮ. ಎಲ್ಲರೂ ನಕ್ಕರು, ನಾನೂ ನಕ್ಕೆ. ರಾಗಿ ಅರ್ಧಕ್ಕಿಂತ ಹೆಚ್ಚು ಖಾಲಿಯಾಗಿತ್ತು; ಉಳಿದದ್ದರ ಮೇಲೆ ಅವರು ನಿಂತಾಗ ಅವರ ತಲೆ ಬಾಯಿಗಿಂತ ಒಂದು ಮೊಳ ಕೆಳಗಿತ್ತು. ಮೇಲಿನ ಮಟ್ಟದ ಮಾದರಿ ತುಂಬಿದರು. ಇದ್ದದ್ದು ಒಂದೇ ಹಗ್ಗ. ಚೀಲ ಕೈಯಿಂದ ಕೈಗೆ ಬರಬಾರದು, ಮುಚ್ಚಿ ಕಟ್ಟಿ ನೇರ ಮೇಲೆ ಬರಬೇಕು ಎಂದು ಆಡಿಟರ್ ಹೇಳಿದರು. ಎದೆಗೆ ಕಟ್ಟಿದ್ದ ಹಗ್ಗವನ್ನೇ ಅಣ್ಣ ಬಿಚ್ಚಿ ಚೀಲಕ್ಕೆ ಕಟ್ಟಿದರು. ಚೀಲ ಮೇಲೆ ಬಂತು. ಆಡಿಟರ್ ಅದಕ್ಕೆ ಲೇಬಲ್ ಅಂಟಿಸಿದರು. ನಾನು ಸಹಿ ಮಾಡಿದೆ.

ನಡುವಿನ ಮಟ್ಟಕ್ಕೆ ರಾಗಿಯನ್ನು ತೋಡಬೇಕು. ಅವರು ಮಂಡಿಯೂರಿ ಬಗ್ಗಿದರು. ಮರದ ಬೋಗುಣಿ ರಾಗಿಯನ್ನು ಸರಿಸುವ ಸದ್ದು ಕೇಳುತ್ತಿತ್ತು. ನಡುವೆ ಅವರ ಮಾತು ಬಂತು: "ಯಾಕೋ ತಲೆ ತಿರುಗ್ದಂಗಾಯ್ತದೆ ಕಣ್ಲಾ."

"ಮ್ಯಾಕ್ ಬಾ ಹಂಗಾರೆ" ಎಂದ ತಮ್ಮ.

ಉತ್ತರ ಬರಲಿಲ್ಲ. ಬೋಗುಣಿಯ ಸದ್ದು ನಿಂತಿತ್ತು. ಟಾರ್ಚಿನ ಬೆಳಕು ಹಗೇವಿನ ಗೋಡೆಯ ಮೇಲೆ ಒಂದೇ ಕಡೆ, ಸ್ವಲ್ಪವೂ ಅಲುಗದೆ ನಿಂತಿತ್ತು. ಆ ಬೆಳಕಿನ ಗುಂಡನೆಯ ಆಕಾರ ನನಗೆ ಈಗಲೂ ಕಾಣುತ್ತದೆ.

ತಮ್ಮ ಅಂಗಿ ಬಿಚ್ಚಿ ಎಸೆದ. ಇಳಿಯಲು ಬಾಯಿಯ ಅಂಚಿಗೆ ಕೈಯಿಟ್ಟ. ಆಗ ನಾನು ಮಾಡಿದ್ದನ್ನು ಯೋಚಿಸಿ ಮಾಡಿದೆ ಎನ್ನಲಾರೆ. ನಮ್ಮ ಗಿರಣಿಯಲ್ಲಿ ಧಾನ್ಯ ತುಂಬುವ ದೊಡ್ಡ ಉಕ್ಕಿನ ಕಣಜವಿದೆ. ಅದರ ಬಾಗಿಲ ಮೇಲೆ ಹಳದಿ ಫಲಕ: ಒಳಗೆ ಬಿದ್ದವರನ್ನು ಎತ್ತಲು ಇಳಿಯಬೇಡಿ, ಎರಡನೆಯ ಸಾವು ನಿಮ್ಮದು. ದಿನವೂ ಅದರ ಮುಂದೆ ನಡೆದು ಹೋಗುತ್ತಿದ್ದೆ. ಆ ಹಳದಿ ಬಣ್ಣ ಕಣ್ಣ ಮುಂದೆ ಬಂತು. ನಾನು ಹಗೇವಿನ ಬಾಯಿಯ ಮೇಲೆ ಅಡ್ಡ ಕೂತುಬಿಟ್ಟೆ, ಕಾಲು ಆ ಅಂಚಿಗೆ, ಕೈ ಈ ಅಂಚಿಗೆ.

"ಏಳ್ರೀ ಮ್ಯಾಕೆ, ನಮ್ಮಣ್ಣ ಕಣ್ರೀ ಅವ್ನು" ಎಂದು ತಮ್ಮ ನನ್ನ ಭುಜ ಹಿಡಿದು ಎಳೆದ.

"ನೀನೂ ಇಳಿದ್ರೆ ಇಬ್ರೂ ಹೋಗ್ತೀರ." ಜೀಪಿನ ಚಾಲಕ ಓಡಿಬಂದು ತಮ್ಮನನ್ನು ಹಿಂದಿನಿಂದ ತಬ್ಬಿ ಹಿಡಿದ ಮೇಲೆ ನಾನು ಎದ್ದೆ.

ಮುಂದೆ ಏನು ಮಾಡಬೇಕು ಎಂದು ನನಗೆ ತಿಳಿದಿರಲಿಲ್ಲ. ಫಲಕದಲ್ಲಿ ಇಳಿಯಬೇಡಿ ಎಂದಿತ್ತು, ಎತ್ತುವುದು ಹೇಗೆ ಎಂದಿರಲಿಲ್ಲ. ತಿಳಿದಿದ್ದವರು ಅಜ್ಜಿ. ಅವರು ಕೂಗಲಿಲ್ಲ, ಅಳಲಿಲ್ಲ.

"ಹೊಂಗೆ ಸೊಪ್ಪು ಮುರೀರಿ. ದೊಡ್ಡ ರೆಂಬೆ. ಹಗ್ಗಕ್ಕೆ ಕಟ್ಟಿ ಇಳಿಸ್ರಿ, ಎತ್ರಿ, ಇಳಿಸ್ರಿ, ಎತ್ರಿ. ಒಳಗಿನ ಕಾವು ಆಚೆ ಬರ್ಲಿ" ಎಂದರು. ಆಮೇಲೆ ಕಾರ್ಯದರ್ಶಿಯ ಕಡೆ ತಿರುಗಿ, "ನಿಂತ್ಕಂಡು ಏನ್ ನೋಡ್ತೀಯೋ, ಹಟ್ಟಿ ಒಳಗೆ ತೊಲೆಗೆ ಪಾತಾಳಗರಡಿ ನೇತಾಕೈತೆ, ತಗಂಬಾ" ಎಂದರು.

ಪಾತಾಳಗರಡಿ ಎಂದರೆ ಬಾವಿಗೆ ಬಿದ್ದ ಬಿಂದಿಗೆ ತೆಗೆಯುವ ಕೊಕ್ಕೆಗಳ ಗೊಂಚಲು. ಆ ಊರಿನಲ್ಲಿ ಬಾವಿಗಳು ಬತ್ತಿ, ಬೋರ್ ಬಂದು ಎಷ್ಟೋ ಕಾಲವಾಗಿತ್ತು. ಅಜ್ಜಿ ಅದನ್ನು ಗುಜರಿಗೆ ಕೊಡಲು ಬಿಟ್ಟಿರಲಿಲ್ಲ.

ಚಾಲಕ ಮತ್ತು ಪಕ್ಕದ ಮನೆಯವರೊಬ್ಬರು ಸೊಪ್ಪಿನ ಕಟ್ಟನ್ನು ಇಳಿಸಿ ಎತ್ತಿದರು. ನಾನು ಎಣಿಸುತ್ತಿದ್ದೆ. ಏಕೆ ಎಣಿಸಿದೆನೋ ತಿಳಿಯದು. ಹದಿನಾಲ್ಕು ಸಲ ಆಗುವಷ್ಟರಲ್ಲಿ ಕಾರ್ಯದರ್ಶಿ ಕೊಕ್ಕೆ ತಂದರು, ಒಂದು ಕೈಯಲ್ಲಿ ಫೋನು ಹಿಡಿದು ಆಂಬುಲೆನ್ಸಿಗೆ ದಾರಿ ಹೇಳುತ್ತಲೇ. ತಮ್ಮ ನೆಲಕ್ಕೆ ಮಲಗಿ ಬಾಯೊಳಗೆ ತೋಳು ಬಿಟ್ಟು ಕೊಕ್ಕೆ ಆಡಿಸಿದ. ಮೊದಲ ಸಲ ಅಂಗಿಗೆ ಸಿಕ್ಕಿ ಅಂಗಿ ಹರಿಯಿತು. ಎರಡನೆಯ ಸಲ ಬೆನ್ನಿಗೆ ಸಿಕ್ಕಿತು. ಆ ಸದ್ದನ್ನು ಬರೆಯಲಾರೆ. ಮೂರನೆಯ ಸಲ ಸೊಂಟದ ಬೆಲ್ಟಿಗೆ. ನಾಲ್ಕು ಜನ ಎಳೆದರು. ಮೇಲೆ ಬಂದಾಗ ಅವರ ತುಟಿ ನೇರಳೆ ಬಣ್ಣಕ್ಕಿತ್ತು, ಗಡ್ಡದ ತುಂಬ ರಾಗಿ ಕಾಳು.

ಅಷ್ಟು ಹೊತ್ತು ಕಲ್ಲಿನಂತೆ ನಿಂತಿದ್ದ ಆಡಿಟರ್ ಆಗ ಕೈಗವಸು ಕಿತ್ತು ಬಿಸಾಡಿ ಮಂಡಿಯೂರಿದರು. ಎದೆ ಒತ್ತಿದರು, ಬಾಯಿಗೆ ಬಾಯಿಟ್ಟು ಊದಿದರು. ಕಾಲೇಜಿನಲ್ಲಿ ಕಲಿತದ್ದಂತೆ. ಎಷ್ಟು ಹೊತ್ತು ಎಂದು ಯಾರೂ ಸರಿಯಾಗಿ ಹೇಳಲಾರರು. ಅಜ್ಜಿ ಮಗನ ಪಾದ ಉಜ್ಜುತ್ತ ಒಂದೇ ಮಾತು ಹೇಳುತ್ತಿದ್ದರು: "ಉಸ್ರು ತಗೋ ಮಗಾ, ಉಸ್ರು ತಗೋ." ಕೊನೆಗೆ ಗಂಟಲಲ್ಲಿ ಒಂದು ಗೊರಕೆಯಂಥ ಸದ್ದು ಬಂತು. ಎದೆ ತಾನಾಗಿ ಏರಿತು.

ಜೀಪಿನಲ್ಲಿ ಹಾಕಿಕೊಂಡು ಹೊರಟೆವು. ಕಡೂರಿನ ದಾರಿಯ ನಡುವೆ ಆಂಬುಲೆನ್ಸ್ ಸಿಕ್ಕಿತು. ಅಲ್ಲಿಂದ ಕಡೂರು, ಅಲ್ಲಿ ಉಸಿರಿನ ಕೊಳವೆ ಹಾಕಿಸಿಕೊಂಡು ಶಿವಮೊಗ್ಗ.

ಮೂರು ದಿನ ಅವರು ಕಣ್ಣು ಬಿಡಲಿಲ್ಲ. ನಾನು ಆಸ್ಪತ್ರೆಯ ಮೊಗಸಾಲೆಯ ಬೆಂಚಿನಲ್ಲೇ ಇದ್ದೆ. ವೇಲಿನ ತುದಿಯಲ್ಲಿ ಆ ಮಣ್ಣು ಒಣಗಿ ಪುಡಿಯಾಗಿತ್ತು. ಎರಡನೆಯ ದಿನ ಮಧ್ಯಾಹ್ನ ತಮ್ಮ ಪಕ್ಕದಲ್ಲಿ ಬಂದು ಕೂತ.

"ಮುಂಚಿನ ದಿನ ಸಂಜೆ ತೆಗೆದಿದ್ವಿ ಮೇಡಂ" ಎಂದ.

"ಏನನ್ನ?"

"ಬಾಯಿನ. ಹಗೇವು ತೆಗೆದ ದಿನ ಇಳಿಯಂಗಿಲ್ಲ, ನಮ್ಮಪ್ಪನ ಕಾಲದಿಂದಲೂ ಅಷ್ಟೇ. ಒಂದು ದಿನ ಪೂರ್ತಿ ಬಿಟ್ಟು, ಸೊಪ್ಪಾಡಿಸಿ, ದೀಪ ಇಳಿಸಿ, ಆಮೇಲೆ ಇಳಿಯಾದು. ಆದ್ರೆ ಮುದ್ರೆ ನಿಮ್ಮೆದುರ್ಗೇ ಒಡೀಬೇಕಲ್ಲ. ಅದಕ್ಕೆ ಅಣ್ಣ ಅಂದ, ಕತ್ತಲಾಗೋ ಮುಂಚೆ ಒಂದು ಗಳಿಗೆ ತೆಗೆದು ಕಾವು ಬಿಡಾಣ, ಮತ್ತೆ ಮುಚ್ಚಿ ಮೆತ್ತಾಣ ಅಂತ. ಅವ್ವಂಗೂ ಹೇಳ್ಲಿಲ್ಲ, ಬೈತಾಳೆ ಅಂತ. ಕಾವು ಹೋಗೈತೆ ಅಂದ್ಕಂಡ್ವಿ."

ನನಗೆ ಅದು ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅವರು ನಮ್ಮ ಕಾಗದದ ಮಾತನ್ನೂ ಉಳಿಸಲು ನೋಡಿದ್ದರು, ಅಪ್ಪನ ಮಾತನ್ನೂ ಉಳಿಸಲು ನೋಡಿದ್ದರು. ಎರಡನ್ನೂ ಅರ್ಧರ್ಧ ಮಾಡಿದ್ದರು. ಅವರು ಕಾವು ಎನ್ನುವ ಆ ಕೆಟ್ಟ ಗಾಳಿ ಭಾರ. ಬಾಯಿ ತೆರೆದ ಮಾತ್ರಕ್ಕೆ ಏಳುವುದಿಲ್ಲ, ರಾಗಿಯ ಮೇಲೆ ನೀರಿನಂತೆ ನಿಂತಿರುತ್ತದೆ. ಬಗ್ಗಿದವನ ಮೂಗು ಅದರೊಳಗೆ ಮುಳುಗುತ್ತದೆ. ಹುಳ ಬದುಕದಿರುವುದೂ ಅದಕ್ಕೇ.

"ನನಗೆ ಯಾಕೆ ಹೇಳಲಿಲ್ಲ? ಇದು ಆಗಲ್ಲ ಅಂತ ಅವತ್ತೇ ಅನ್ನಬಹುದಿತ್ತಲ್ಲ."

ಅವನು ನನ್ನ ಮುಖ ನೋಡಿದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ, ಅದೇ ಹೆಚ್ಚು ಕಷ್ಟವಾಯಿತು. "ನೀವು ಓದಿದೋರು ಬರ್ದಿದ್ದು ಮೇಡಂ. ಹಗೇವಿನ ವಿಷ್ಯ ಎಲ್ಲಾ ಗೊತ್ತಿದ್ದೇ ಬರ್ದಿರ್ತೀರ ಅಂದ್ಕಂಡ್ವಿ."

ನಾಲ್ಕನೆಯ ದಿನ ಅಣ್ಣ ಕಣ್ಣು ಬಿಟ್ಟರು. ತಾಯಿಯನ್ನು ಗುರುತಿಸಿದರು. ತಮ್ಮನನ್ನು ಗುರುತಿಸಿದರು. ನನ್ನನ್ನು ಗುರುತಿಸಲಿಲ್ಲ.

ಕಚೇರಿಗೆ ಹೋದಾಗ ಘಟನೆಯ ವರದಿಯ ಕರಡು ನನ್ನ ಮೇಜಿನ ಮೇಲಿತ್ತು. ಕಾನೂನು ವಿಭಾಗದವರು ತಯಾರಿಸಿದ್ದು, ಒಂದೇ ಪುಟ. "ಪೂರೈಕೆದಾರರು ಒಪ್ಪಂದಕ್ಕೆ ವಿರುದ್ಧವಾಗಿ ಮುದ್ರೆಯನ್ನು ಮೊದಲೇ ಒಡೆದಿದ್ದರು. ಸಾಂಪ್ರದಾಯಿಕ ಸುರಕ್ಷತಾ ಕ್ರಮಗಳನ್ನು ಪಾಲಿಸಲಿಲ್ಲ." ತಮ್ಮ ಹೇಳಿದ್ದನ್ನು ನಾನು ಮುಖ್ಯಸ್ಥರಿಗೆ ಫೋನಿನಲ್ಲಿ ಹೇಳಿದ್ದೆ, ಅದೇ ಹೀಗಾಗಿತ್ತು. ಒಂದೊಂದು ಮಾತೂ ನಿಜ. ಕೆಳಗೆ ನನ್ನ ಸಹಿಗೆ ಜಾಗ. ಸಹಿ ಮಾಡಿದರೆ ಸಂಘದ ಹೆಸರು ಪಟ್ಟಿಯಿಂದ ಹೋಗುತ್ತಿತ್ತು, ತಪ್ಪು ಹಾಸಿಗೆಯಲ್ಲಿ ಮಲಗಿದ್ದವರ ಮೇಲೆ ಉಳಿಯುತ್ತಿತ್ತು.

ಒಂದು ಇಡೀ ದಿನ ನಾನು ಆ ಕಾಗದವನ್ನು ಮುಟ್ಟಲಿಲ್ಲ. ಆಡಿಟರಿಗೆ ಫೋನು ಮಾಡಿದೆ. ಅವರು ತಮ್ಮ ವರದಿಯಲ್ಲಿ ಲಾಟೀನಿನ ವಿಷಯ ಬರೆದಿದ್ದರು. "ನೀವು ಬೇಡ ಅನ್ನೋ ಹಾಗೆ ಮಾಡಿದ್ದು ನಾನು ಅಂತ ಬರೆದಿದೀನಿ ಮೇಡಂ. ನಿಮ್ಮ ಕಾಗದದಲ್ಲಿ ಇತ್ತು, ನಾನು ಕೇಳಿದೆ, ಅಷ್ಟೇ. ಆದರೂ ಬರೆದಿದೀನಿ" ಎಂದರು.

ಅಂದು ಸಂಜೆ ನಾನು ಹೊಸದಾಗಿ ಬರೆದೆ. ಯಾವ ಸಾಲು ಯಾರನ್ನು ಏನು ಮಾಡಿಸಿತು ಎಂದು ಒಂದೊಂದಾಗಿ. ಮುದ್ರೆ ಎದುರಿನಲ್ಲೇ ಒಡೆಯಬೇಕೆಂದದ್ದರಿಂದ ಒಂದು ದಿನದ ಗಾಳಿ ಹೋಯಿತು. ಸೀಮೆಎಣ್ಣೆ ಬೇಡವೆಂದದ್ದರಿಂದ ದೀಪ ಹೋಯಿತು. ಹರಳೆಣ್ಣೆ ದೀಪ ಆಗುತ್ತಿತ್ತು, ದೀಪ ಏಕೆ ಎಂದು ಕೇಳಿದ್ದರೆ. ನಡು, ತಳದ ಮಾದರಿ ಬೇಕೆಂದದ್ದರಿಂದ ಮನುಷ್ಯ ಬಗ್ಗಬೇಕಾಯಿತು. ಹಸಿ ಮಣ್ಣನ್ನು ನಾನು ಮುಟ್ಟಿ ನೋಡಿದೆ, ಕೇಳಿದವರಿಗೆ ಸುಳ್ಳು ಕಾರಣ ಹೇಳಿದೆ. ಇದನ್ನೂ ಬರೆದೆ.

ಮುಖ್ಯಸ್ಥರು ಅದನ್ನು ಎರಡು ಸಲ ಓದಿದರು. "ಇದನ್ನ ಹೀಗೇ ಕಳಿಸಿದ್ರೆ ಎಲ್ಲ ನಿಮ್ಮ ಮೇಲೇ ಬರುತ್ತೆ" ಎಂದರು.

"ಬರಲಿ ಸರ್. ಬರೆದವಳು ನಾನೇ."

ಅವರು ಕಿಟಕಿಯ ಕಡೆ ನೋಡಿದರು. ಕೆಳಗೆ ಗೇಟಿನಲ್ಲಿ ಒಂದು ಲಾರಿ ನಿಂತಿತ್ತು. ಕಾವಲಿನವನು ಉದ್ದನೆಯ ಕಬ್ಬಿಣದ ಕೊಳವೆಯನ್ನು ಮೂಟೆಗಳ ಸಂದಿಗೆ ಚುಚ್ಚಿ ತಳದ ರಾಗಿ ತೆಗೆಯುತ್ತಿದ್ದ. ಆ ಕೊಳವೆ ಎಂಟಡಿ ಉದ್ದವಿದೆ. ಇಬ್ಬರೂ ಅದನ್ನೇ ನೋಡುತ್ತ ನಿಂತೆವು. ಇನ್ನೆರಡು ಅಡಿ ಉದ್ದದ್ದು ಮಾಡಿಸಿದ್ದರೆ ಯಾರೂ ಇಳಿಯಬೇಕಿರಲಿಲ್ಲ. ಅದು ಅಲ್ಲೇ, ನಮ್ಮ ಗೇಟಿನಲ್ಲೇ ಇತ್ತು. ಅವರು ಕರಡನ್ನು ಹರಿದು, ನನ್ನದಕ್ಕೆ ತಮ್ಮ ಸಹಿಯನ್ನೂ ಹಾಕಿದರು.

ಚಿಕಿತ್ಸೆಯನ್ನು ಸಂಸ್ಥೆ ನೋಡಿಕೊಂಡಿತು. ನನಗೆ ಕಾಗದದ ಎಚ್ಚರಿಕೆ ಬಂತು, ಬರಬೇಕಾದದ್ದೇ. ಆಮೇಲೆ ಖರೀದಿಯ ನಿಯಮದಲ್ಲಿ ಒಂದು ಬದಲಾವಣೆ ಆಯಿತು. ಪೂರೈಕೆದಾರರ ಕೆಲಸದ ಬಗ್ಗೆ ಯಾವ ಷರತ್ತು ಬರೆಯುವ ಮೊದಲೂ ಆ ಕೆಲಸವನ್ನು ಅವರು ಮಾಡುವ ರೀತಿಯಲ್ಲೇ ಮೊದಲಿನಿಂದ ಕೊನೆವರೆಗೆ ಒಮ್ಮೆ ನಿಂತು ನೋಡಬೇಕು. ಷರತ್ತನ್ನು ಓದಿ ಹೇಳಿದ ಮೇಲೆ ಅವರು ಬೇಡ ಎಂದದ್ದನ್ನು ಅವರ ಮಾತಿನಲ್ಲೇ ಬರೆಯಲು ಕಾಗದದಲ್ಲಿ ಜಾಗ ಬಿಡಬೇಕು. ಆ ಜಾಗ ಖಾಲಿ ಇದ್ದರೆ ಒಪ್ಪಂದ ಮುಂದಕ್ಕೆ ಹೋಗುವುದಿಲ್ಲ. ಏನೂ ಬೇಡ ಎನ್ನದವರು ಏನನ್ನೋ ನುಂಗಿಕೊಂಡಿದ್ದಾರೆ ಎಂದು ಈಗ ನಮಗೆ ಗೊತ್ತು.

ಮುಂದಿನ ಸುಗ್ಗಿ ಮುಗಿದ ಮೇಲೆ ನಾನು ಮತ್ತೆ ಆ ಊರಿಗೆ ಹೋದೆ. ಜೀಪಿನ ಮೇಲೆ ಹತ್ತು ಅಡಿಯ ಕೊಳವೆ ಕಟ್ಟಿಕೊಂಡು ಹೋಗಿದ್ದೆ. ತಮ್ಮ ಅದನ್ನು ನೋಡಿ, "ಇದೇನ್ ಮೇಡಂ, ಬೋರ್ ಕೊರ್ಸೋಕೆ ಬಂದ್ರಾ?" ಎಂದ. ನಗಲು ಹೋದೆ, ಆಗಲಿಲ್ಲ.

ಅಣ್ಣ ಜಗುಲಿಯಲ್ಲಿ ಕೂತಿದ್ದರು. ಮೈ ಇಳಿದಿತ್ತು. ಬಲಗೈ ನಡುಗುತ್ತದೆ, ಮಾತು ನಿಧಾನ. ಒಂದು ಪದ ಸಿಗದಿದ್ದರೆ ಕಣ್ಣು ಮುಚ್ಚಿಕೊಂಡು ಹುಡುಕುತ್ತಾರೆ. ಬೆನ್ನಿನ ಮೇಲೆ ಕೊಕ್ಕೆಯ ಗಾಯದ ಗುರುತುಗಳಿವೆ ಎಂದು ತಮ್ಮ ಹೇಳಿದ. ಹಗೇವಿನ ಕಡೆ ಅವರು ಹೋಗುವುದಿಲ್ಲವಂತೆ, ಆದರೆ ಯಾವಾಗ ತೆಗೆಯಬೇಕು, ಯಾವಾಗ ಮುಚ್ಚಬೇಕು ಎಂದು ಈಗಲೂ ಅವರೇ ಹೇಳಬೇಕು.

ನಾನು ಅವರ ಎದುರು ನೆಲದ ಮೇಲೆ ಕೂತು ಕಾಗದ ಬಿಚ್ಚಿದೆ. ಅಜ್ಜಿ ಬಾಗಿಲಿಗೆ ಒರಗಿ ನಿಂತರು.

"ಗುರುವಾರ ಬಾಯಿ ತೆಗೆದು, ಶುಕ್ರವಾರ ಪೂರ್ತಿ ಬಿಟ್ಟು, ಶನಿವಾರ ಮೇಲಿನಿಂದಲೇ ಮಾದರಿ ತೆಗೆಯಬಹುದಾ?" ಎಂದು ಕೇಳಿದೆ.

ಅವರು ಅಂಗಳದಾಚೆ ಆಕಾಶ ನೋಡಿದರು. ಕಣ್ಣು ಮುಚ್ಚಿದರು. ನನಗೆ ಆ ಮಾತು ಬರುತ್ತದೆ ಎನ್ನಿಸಿತು, ನೋಡ... ಎಂದು ಶುರುವಾಗುವುದು. ಪೆನ್ನಿನ ಮುಚ್ಚಳ ತೆಗೆದೆ.

"ಆಗಲ್ಲ" ಎಂದರು. ಸ್ವಲ್ಪ ಹೊತ್ತು ಬಿಟ್ಟು ಉಳಿದದ್ದನ್ನು ಒಂದೊಂದೇ ಪದವಾಗಿ ಹುಡುಕಿ ಹೇಳಿದರು: "ಮೋಡ ಐತೆ. ಮೋಡದಾಗೆ ತೆಗೆದ್ರೆ... ರಾಗಿ ತೇವ ಹಿಡೀತದೆ. ಬಿಸ್ಲು ಬರ್ಲಿ."

ನಾನು ಬರೆದುಕೊಂಡೆ.

"ಬರ್ಕಂಡ್ಯಾ?" ಎಂದರು ಅಜ್ಜಿ ಬಾಗಿಲಿನಿಂದ.

"ಬರ್ಕೊಂಡೆ ಅಜ್ಜಿ."

"ಓದು ಮತ್ತೆ, ಕೇಳಾಣ."

ನಾನು ಓದಿದೆ. "ಆಗಲ್ಲ. ಮೋಡ ಐತೆ."

"ಹ್ಞೂಂ. ಸರ್ಯಾಗೈತೆ" ಎಂದು ಅವರು ಒಳಗೆ ಹೋದರು.